ಸಿಯೋಲ್ ನಗರದಲ್ಲಿ ಮೂರು ದಿನ

ಏಷ್ಯಾ ಖಂಡದ ಪೂರ್ವದ ಅಂಚಿನಲ್ಲಿ, ಚೀನಾ ಜಪಾನುಗಳ ನಡುವೆ ಕಡಲಿನೊಳಕ್ಕೆ ಚಾಚಿಕೊಂಡಿರುವ ಪರ್ಯಾಯದ್ವೀಪವೇ ಕೊರಿಯಾ. 1945ರಲ್ಲಿ ಅದು ಉತ್ತರ, ದಕ್ಷಿಣ ಎಂದು ಎರಡು ಹೋಳಾಯಿತು. ದಕ್ಷಿಣ ಕೊರಿಯಾದ ರಾಜಧಾನಿ ಸಿಯೋಲ್. ಹಾನ್ ಎಂಬ ವಿಶಾಲವಾದ ನದಿಯ ಎರಡು ದಡಗಳಲ್ಲಿಯೂ ಹಬ್ಬಿರುವ ಈ ನಗರದಲ್ಲಿ 90 ಲಕ್ಷಕ್ಕೂ ಹೆಚ್ಚು ಜನರಿದ್ದಾರೆ. 1394ರಲ್ಲಿ ಜೊಸನ್ ರಾಜವಂಶದವರು ತಮ್ಮ ರಾಜಧಾನಿಯನ್ನು ಇಲ್ಲಿಗೆ ತಂದರು. ಸಿಯೋಲ್ ಎಂಬ ಮಾತಿಗೆ ಕೊರಿಯಾ ಭಾಷೆಯಲ್ಲಿ ರಾಜಧಾನಿ ಎಂದೇ ಅರ್ಥ. ಆ ದೇಶದ ಊರುಗಳಲ್ಲಿ ಬಹುಪಾಲಿನ ಹೆಸರುಗಳನ್ನು ಚೀನೀ ಚಿತ್ರಾಕ್ಷರಗಳಲ್ಲಿಯೂ ಬರೆಯಬಹುದು. ಈ ಹೆಸರಿಗೆ ಮಾತ್ರ ಅಂತಹ ಅಕ್ಷರಗಳಿಲ್ಲ. ಅದು ಅಚ್ಚ ಕೊರಿಯನ್ ಮಾತು. ಚೀನೀಯರು ಈ ಊರನ್ನು ಬಹುಕಾಲ ಅದರ ಹಳೆಯ ಹೆಸರಿನಿಂದಲೇ ಕರೆಯುತ್ತಿದ್ದರು. ಕಡೆಗೆ 2005ರಲ್ಲಿ ಸಿಯೋಲ್ ನಗರಾಡಳಿತವೇ ಧ್ವನಿಗೆ ಹೊಂದುವ ಎರಡು ಚೀನೀ ಅಕ್ಷರಗಳನ್ನು ಆರಿಸಿ ಅವರಿಗೆ ಒಪ್ಪಿಸಬೇಕಾಯಿತು.

ಈ ಸಂಗತಿಗಳನ್ನೆಲ್ಲ ನಾನು ಪುಸ್ತಕಗಳಲ್ಲಿ ಓದಿಕೊಂಡೇ ಹೊರಟಿದ್ದೆನು. ಜಪಾನಿನಿಂದ ಊರಿಗೆ ಹಿಂದಿರುಗುವ ಹಾದಿಯಲ್ಲಿ ಮೂರು ದಿನಗಳ ಬಿಡುವು ದೊರೆತಿತ್ತು. ಮೂರು ದಿನಗಳಲ್ಲಿ ಅಷ್ಟು ದೊಡ್ಡ ನಗರದ ಮೂಲೆಯೊಂದನ್ನೂ ನೋಡಿ ಮುಗಿಸಲಾಗದು. ಆದರೆ ನಾನು ನೋಡಿದುದಕ್ಕಿಂತ ಓದಲು ಪಟ್ಟ ಪಾಡೇ ಈಗ ಹೆಚ್ಚಾಗಿ ನೆನಪಿನಲ್ಲಿ ಉಳಿದಿದೆ.

ಇಂಚೊನ್ ವಿಮಾನ ನಿಲ್ದಾಣವು ಎರಡು ದ್ವೀಪಗಳ ನಡುವಣ ಸಮುದ್ರವನ್ನು ತುಂಬಿ ಪಡೆದ ನೆಲದ ಮೇಲೆ ನಿಂತಿದೆ. ಅದು ತೆರೆದುದು 2001ರಲ್ಲಿ. ಅಲ್ಲಿಂದ ಸುಮಾರು ಒಂದು ಗಂಟೆ ರೈಲಿನಲ್ಲಿ ಕುಳಿತರೆ ಸಿಯೋಲ್ ನಿಲ್ದಾಣ. ಆ ರೈಲು ನಮ್ಮನ್ನು ಇಳಿಸುವುದು ನೆಲದ ಆಳದಲ್ಲಿ. ಒಂದರ ಮೇಲೊಂದರಂತೆ ಚಲಿಸುವ ಮೆಟ್ಟಿಲುಗಳನ್ನು ಏರಿ ಬಂದು, 1974ರಲ್ಲಿ ಪ್ರಾರಂಭವಾದ ಒಂದನೆಯ ಮಾರ್ಗದ ಸುರಂಗ ರೈಲನ್ನು ಹತ್ತಿದೆನು. ನಾನು ಹೋಗಬೇಕಾಗಿದ್ದುದು ಉತ್ತರಕ್ಕೆ, ಎರಡನೆಯ ನಿಲ್ದಾಣವಾದ ಜೊಂಗ್‌ಗಾಕ್‌ಗೆ. ಸ್ವಲ್ಪ ಹೊತ್ತಿನಲ್ಲಿಯೇ ರೈಲು ಸುರಂಗದಿಂದ ಹೊರಬಿದ್ದು, ಹಗಲ ಬೆಳಕಿನಲ್ಲಿ ನಾಮ್‌ಯೊಂಗ್ ಎಂಬ ನಿಲ್ದಾಣದಲ್ಲಿ ನಿಂತಿತು. ದಿಕ್ಕು ತಪ್ಪಿ ದಕ್ಷಿಣಕ್ಕೆ ಬಂದಿದ್ದೆನು. ತಪ್ಪು ನನ್ನದೇ. ನಿಲ್ದಾಣಗಳ ಹೆಸರುಗಳನ್ನು ರೋಮನ್ ಲಿಪಿಯಲ್ಲಿಯೂ ಬರೆದಿರುತ್ತಾರೆ. ಕಣ್ಣು ತೆರೆದು ನೋಡಿದ್ದರೆ ಸಾಕಾಗಿತ್ತು.

ಆದರೆ ವಸತಿಗೃಹದ ಸುತ್ತಮುತ್ತಲಿನ ಓಣಿಗಳನ್ನು ಹೊಕ್ಕಾಗ ಆ ರೋಮನ್ ಲಿಪಿಯ ಆಸರೆಯೂ ತಪ್ಪಿಹೋಯಿತು. ಸಂಜೆಯ ಹೊತ್ತು, ಹಸಿವಾಗಿತ್ತು. ಓಣಿಯ ಎರಡು ಬದಿಗಳಲ್ಲಿಯೂ ಅಂಗಡಿಗಳು, ಅಂಗಡಿಗಳ ಮೇಲೆ ಕೆಂಪು, ಹಳದಿ, ನೀಲಿ ದೀಪಗಳಲ್ಲಿ ಬೆಳಗುವ ಅಕ್ಷರಗಳು. ಯಾವುದು ಊಟದ ಹೋಟೆಲು, ಯಾವುದು ಔಷಧದ ಅಂಗಡಿ, ಯಾವುದು ಕ್ಷೌರದ ಅಂಗಡಿ ಎಂಬುದು ಗಾಜಿನೊಳಗೆ ಇಣುಕಿ ನೋಡದ ಹೊರತು ತಿಳಿಯದು. ಒಂದು ಹೋಟೆಲಿನ ಗೋಡೆಯ ಮೇಲೆ ತಿಂಡಿಗಳ ಪಟ್ಟಿಯಿತ್ತು. ಬೆಲೆಗಳು ಮಾತ್ರ ನನಗೆ ತಿಳಿದವು. ಬೆಲೆ ತಿಳಿದರೇನು? ಸಸ್ಯಾಹಾರಿಯಾದ ನನಗೆ ಆ ಬೆಲೆಗೆ ಏನು ಬರುತ್ತದೆಂಬುದು ತಿಳಿಯಬೇಕಾಗಿತ್ತು. ಬಾಗಿಲಲ್ಲಿ ನಿಂತು, ಪಟ್ಟಿಯನ್ನು ಓದುವವನಂತೆ ನಟಿಸಿ, ಹಾಗೆಯೇ ಹಿಂದಿರುಗಿದೆನು. ಆ ರಾತ್ರಿ ಬಾಳೆಯ ಹಣ್ಣೇ ನನ್ನ ಊಟವಾಯಿತು.

ಹಣ್ಣು ಸುಲಿಯುತ್ತ ಕುಳಿತಾಗ ಹಳೆಯದೊಂದು ಪ್ರಸಂಗ ನೆನಪಾಯಿತು. ನಾನು ಕಾಲೇಜಿನಲ್ಲಿದ್ದ ದಿನಗಳಲ್ಲಿ ತಿಪಟೂರಿನ ಬಸ್ ನಿಲ್ದಾಣದಲ್ಲಿ ಒಬ್ಬ ಅಜ್ಜಿ ನನ್ನ ತೋಳು ಮುಟ್ಟಿ, “ಈ ಬಸ್ಸು ಯಾವೂರಿಗೆ ಹೋಗ್ತದಪ್ಪಾ?” ಎಂದು ಕೇಳಿದ್ದಳು. ಬಸ್ಸಿನ ಹಣೆಯ ಮೇಲೆ ಊರಿನ ಹೆಸರು ದಪ್ಪಕ್ಷರಗಳಲ್ಲಿತ್ತು. “ಬೋರ್ಡು ಕಾಣೋದಿಲ್ವೇನಜ್ಜಿ?” ಎಂದು ನಾನು ಸಿಡುಕಿದೆನು. ಅಜ್ಜಿ ಸಿಟ್ಟಾಗಲಿಲ್ಲ. “ಕಾಣ್ತದೆ ಮಗ, ಅದೇನ್ ಹೇಳ್ತದೆ ಅನ್ನೋದು ಗೊತ್ತಾಗಾಕಿಲ್ಲ” ಎಂದಳು. ನಾನು ಬಸ್ಸಿನ ಹೆಸರು ಹೇಳಿದೆನೋ ಇಲ್ಲವೋ ಅದು ನೆನಪಿಲ್ಲ; ಅವಳ ಆ ಮಾತು ಮಾತ್ರ ನೆನಪಿದೆ. ಅದರ ಅರ್ಥ ನನಗೆ ಪೂರ್ತಿಯಾಗಿ ಆದುದು ಸಿಯೋಲಿನ ಆ ಓಣಿಯಲ್ಲಿ.

ವಸತಿಗೃಹದ ಮುಂಗಟ್ಟೆಯಲ್ಲಿ ಕುಳಿತಿದ್ದ ತರುಣನಿಗೆ ಅಲ್ಪಸ್ವಲ್ಪ ಇಂಗ್ಲಿಷ್ ಬರುತ್ತಿತ್ತು. “ನಿಮ್ಮ ಅಕ್ಷರಗಳನ್ನು ಕಲಿಯಲು ಎಷ್ಟು ದಿನ ಬೇಕು?” ಎಂದು ಕೇಳಿದೆನು. ಅವನು ನಕ್ಕು, ಒಂದು ಹಾಳೆಯನ್ನು ತೆಗೆದುಕೊಂಡು, 14 ವ್ಯಂಜನಗಳನ್ನೂ 10 ಸ್ವರಗಳನ್ನೂ ಬರೆದು ನನ್ನ ಕೈಗಿತ್ತನು. ಒಟ್ಟು 24. ನನ್ನ ಕೋರಿಕೆಯಂತೆ ಹಾಳೆಯ ಕೆಳಗೆ ನಮ್ಮ ದೇಶದ ಹೆಸರನ್ನೂ ಬರೆದುಕೊಟ್ಟನು. ಭಾರತಕ್ಕೆ ಅವರು “ಇಂದೊ” ಎನ್ನುತ್ತಾರೆ.

ಹಂಗುಲ್ ಎಂದು ಕರೆಯಲಾಗುವ ಈ ಲಿಪಿಯ ರಚನೆಯನ್ನು ಇಲ್ಲಿ ಕೊಂಚ ವಿವರವಾಗಿ ಹೇಳಬೇಕು. ಕನ್ನಡದ ವರ್ಣಮಾಲೆಯನ್ನು ಕಲಿತವರಿಗೆ ಅದು ಬೇಗನೆ ಮನವರಿಕೆಯಾಗುತ್ತದೆ. ನಮ್ಮ ವರ್ಣಮಾಲೆಯಲ್ಲಿ ಕಂಠದಿಂದ ಹುಟ್ಟುವ ಕವರ್ಗ ಮೊದಲು, ತುಟಿಗಳಿಂದ ಹುಟ್ಟುವ ಪವರ್ಗ ಕೊನೆಗೆ ಬರುತ್ತದೆ. ಎಂದರೆ ಧ್ವನಿಯು ಬಾಯಿಯೊಳಗೆ ಎಲ್ಲಿ ಹುಟ್ಟುತ್ತದೆಂಬುದನ್ನು ಅಕ್ಷರಗಳ ಕ್ರಮವೇ ತಿಳಿಸುತ್ತದೆ. ಆದರೆ ಅಕ್ಷರದ ಆಕಾರಕ್ಕೂ ಧ್ವನಿ ಹುಟ್ಟುವ ಸ್ಥಾನಕ್ಕೂ ನಮ್ಮಲ್ಲಿ ಸಂಬಂಧವಿಲ್ಲ. ಹಂಗುಲ್‌ನಲ್ಲಿ ಆಕಾರವೇ ಸ್ಥಾನವನ್ನು ತೋರಿಸುತ್ತದೆ. “ಗ” ಎಂದು ಉಚ್ಚರಿಸಿ ನೋಡಿರಿ: ನಾಲಗೆಯ ಬುಡ ಮೇಲಕ್ಕೆದ್ದು ಗಂಟಲನ್ನು ತಡೆಯುತ್ತದೆ. ಮೇಲೊಂದು ಅಡ್ಡಗೆರೆ, ಅದರ ಬಲತುದಿಯಿಂದ ಕೆಳಗಿಳಿಯುವ ಇನ್ನೊಂದು ಗೆರೆ — ಎಡಕ್ಕೆ ಮುಖಮಾಡಿ ನಿಂತವನ ನಾಲಗೆಯನ್ನು ಪಕ್ಕದಿಂದ ಕಂಡಂತೆ ಬರೆದ ಈ ಕೊಕ್ಕೆಯೇ ಗಕಾರ. “ನ” ಎನ್ನುವಾಗ ನಾಲಗೆಯ ತುದಿ ಮೇಲಕ್ಕೆ ಬಾಗುತ್ತದೆ. ನಕಾರವು ಗಕಾರವನ್ನು ತಿರುಗಿಸಿಟ್ಟಂತೆ ಕೆಳಗೆ ಅಡ್ಡಗೆರೆ, ಎಡಗಡೆ ನಿಲುಗೆರೆ. “ಮ” ಎಂದರೆ ಮುಚ್ಚಿದ ಬಾಯಿ. ಅದಕ್ಕೆ ಒಂದು ಚೌಕ. ಸಕಾರಕ್ಕೆ ಹಲ್ಲಿನ ಆಕಾರ, ಗಂಟಲಿಗೆ ಒಂದು ಸೊನ್ನೆ.

ಮೂಲವಾದ ಈ ಐದು ಆಕಾರಗಳಿಗೆ ಗೆರೆಗಳನ್ನು ಕೂಡಿಸುತ್ತ ಹೋದರೆ ಉಳಿದ ವ್ಯಂಜನಗಳು ಹುಟ್ಟುತ್ತವೆ. ರೇಫದಂತಹ ಒಂದೆರಡು ಮಾತ್ರ ಇದಕ್ಕೆ ಹೊರಗು. ಗಕಾರದ ಕೊಕ್ಕೆಯ ನಡುವೆ ಒಂದು ಗೆರೆ ಎಳೆದರೆ ಅದು ಮಹಾಪ್ರಾಣವಾಗುತ್ತದೆ. ನಾವು ದಕಾರದ ಕೆಳಗೆ ಒಂದು ಗೆರೆ ಸೀಳಿ ಧಕಾರವನ್ನೂ, ಪಕಾರದ ಕೆಳಗೆ ಸೀಳಿ ಫಕಾರವನ್ನೂ ಮಾಡಿಕೊಳ್ಳುವುದಿಲ್ಲವೆ? ಅದೇ ಉಪಾಯ. ನಾವು ಅದನ್ನು ಕೆಲವು ಅಕ್ಷರಗಳಲ್ಲಿ ಮಾತ್ರ ಬಳಸುತ್ತೇವೆ, ಅವರು ಅದನ್ನೇ ನಿಯಮವಾಗಿ ಮಾಡಿಕೊಂಡಿದ್ದಾರೆ. ಸ್ವರಗಳು ಇನ್ನೂ ಸುಲಭ. ನಿಲುಗೆರೆಯೊಂದೇ ಇದ್ದರೆ “ಇ”. ಆ ಗೆರೆಯ ಬಲಕ್ಕೆ ಒಂದು ಕಡ್ಡಿ ಚಾಚಿದರೆ “ಅ”. ಅಡ್ಡಗೆರೆಯ ಮೇಲೆ ಕಡ್ಡಿ ನಿಂತರೆ “ಒ”, ಕೆಳಗೆ ಇಳಿದರೆ “ಉ”. ಈ ಅಕ್ಷರಗಳನ್ನು ಇಂಗ್ಲಿಷಿನಂತೆ ಸಾಲಾಗಿ ಬರೆಯುವುದಿಲ್ಲ. ಒಂದು ಉಚ್ಚಾರಕ್ಕೆ ಸೇರಿದವನ್ನು ಒಂದು ಗುಂಪಾಗಿ ಕಟ್ಟುತ್ತಾರೆ. ನದಿಯ ಹೆಸರಾದ “ಹಾನ್” ಎಂಬುದನ್ನು ಬರೆಯುವಾಗ ಹಕಾರವೂ ಸ್ವರವೂ ಅಕ್ಕಪಕ್ಕದಲ್ಲಿ ಮೇಲೆ ನಿಲ್ಲುತ್ತವೆ, ನಕಾರವು ಅವುಗಳ ಕೆಳಗೆ ಒತ್ತಕ್ಷರದಂತೆ ಕುಳಿತುಕೊಳ್ಳುತ್ತದೆ. ಹುಟ್ಟಿದಂದಿನಿಂದ ಒತ್ತು, ಗುಣಿತಗಳನ್ನು ನೋಡಿದ ಕಣ್ಣಿಗೆ ಇದು ಹೊಸದೆನಿಸಲಿಲ್ಲ. ಆ ರಾತ್ರಿ ಮಲಗುವ ಹೊತ್ತಿಗೆ 24 ಅಕ್ಷರಗಳಲ್ಲಿ ಅರ್ಧದಷ್ಟು ನನ್ನವಾಗಿದ್ದವು.

ಮರುದಿನ ಮಧ್ಯಾಹ್ನ ಹಾಳೆಯನ್ನು ಜೇಬಿನಲ್ಲಿಟ್ಟುಕೊಂಡು ಅದೇ ಹೋಟೆಲಿಗೆ ಹೋದೆನು. ಪಟ್ಟಿಯಲ್ಲಿ ಮೂರು ಗುಂಪುಗಳ ಒಂದು ಪದ ಕಣ್ಣಿಗೆ ಬಿತ್ತು. ಅದರಲ್ಲಿ ಎರಡು ಕೊಂಬುಗಳುಳ್ಳ ಚೌಕವೊಂದು ನಾಲ್ಕು ಬಾರಿ ಬಂದಿತ್ತು. ಮಕಾರದ ಚೌಕಕ್ಕೆ ಕೊಂಬು ಬಂದರೆ ಅದು ಬಕಾರ. ಎರಡೂ ತುಟಿಗಳಿಂದ ಹುಟ್ಟಿದವೇ. ಬ-ಇ, ಬಿ. ಬ-ಇ-ಮ, ಬಿಮ್. ಬ-ಅ-ಬ... ಬಿಬಿಂಬಾಪ್! “ಬಾಪ್” ಎಂದರೆ ಅನ್ನ, “ಬಿಬಿಂ” ಎಂದರೆ ಕಲಸಿದ್ದು. ಬಿಸಿ ಅನ್ನದ ಮೇಲೆ ಬಗೆಬಗೆಯ ತರಕಾರಿ, ಸೊಪ್ಪು, ಮೊಳಕೆಗಳನ್ನಿಟ್ಟು, ಕೆಂಪು ಮೆಣಸಿನ ಗೊಜ್ಜಿನೊಡನೆ ಕಲಸಿ ತಿನ್ನುವ ಊಟವದು. ಮಾಂಸವೂ ಮೊಟ್ಟೆಯೂ ಬೇಡವೆಂಬುದನ್ನು ಕೈಸನ್ನೆಯಿಂದ ತಿಳಿಸಬೇಕಾಯಿತು. ಆದರೆ ಊಟದ ಹೆಸರನ್ನು ನಾನೇ ಓದಿ ಹೇಳಿದೆನು. ಹೋಟೆಲಿನ ಹೆಂಗಸಿಗೆ ಅದು ದೊಡ್ಡ ಸಂಗತಿಯಾಗಿ ಕಂಡಿರಲಾರದು. ನನಗಂತೂ ಒಂದನೆಯ ತರಗತಿಯಲ್ಲಿ ಸ್ಲೇಟು ಹಿಡಿದ ದಿನದಷ್ಟೇ ಸಂತೋಷವಾಯಿತು.

ಈ ಲಿಪಿಯನ್ನು ನಿರ್ಮಿಸಿದ ಸೇಜೊಂಗ್ ದೊರೆಯ ಪ್ರತಿಮೆ ಅಲ್ಲಿಗೆ ಸಮೀಪದಲ್ಲಿಯೇ, ಗ್ವಾಂಗ್‌ಹ್ವಾಮುನ್ ಚೌಕದಲ್ಲಿದೆ. ಇದು 2009ರ ಅಕ್ಟೋಬರ್ 9ರಂದು, ಎಂದರೆ ಹಂಗುಲ್ ದಿನದಂದು ಅನಾವರಣಗೊಂಡಿತು. ಕತ್ತಿ ಹಿಡಿದು ಕುದುರೆಯ ಮೇಲೆ ಕುಳಿತ ರಾಜರ ಪ್ರತಿಮೆಗಳನ್ನು ಎಷ್ಟೋ ನಗರಗಳಲ್ಲಿ ಕಂಡಿದ್ದೆನು. ಈ ದೊರೆ ಪುಸ್ತಕವನ್ನು ಬಿಚ್ಚಿ ಹಿಡಿದು ಕುಳಿತಿದ್ದಾನೆ. ಮುಂದೆ 1441ರ ಮಳೆಮಾಪಕದ ಪ್ರತಿಕೃತಿಯಿದೆ; ಅದೂ ಅವನ ಆಳ್ವಿಕೆಯ ಕಾಲದ್ದೇ.

ಸೇಜೊಂಗ್ ಪಟ್ಟಕ್ಕೆ ಬಂದುದು 1418ರಲ್ಲಿ. ಆಗ ಕೊರಿಯಾದಲ್ಲಿ ಬರೆಯಬೇಕಾದರೆ ಚೀನೀ ಅಕ್ಷರಗಳಲ್ಲಿ ಬರೆಯಬೇಕಾಗಿತ್ತು. ಸಾವಿರಾರು ಚಿತ್ರಾಕ್ಷರಗಳನ್ನು ಕಲಿಯಲು ಬಿಡುವಿದ್ದವರು ಶ್ರೀಮಂತರ ಮಕ್ಕಳು ಮಾತ್ರ. ರೈತನಿಗೆ ತನ್ನ ಮೇಲಿನ ಆಪಾದನೆ ಏನೆಂಬುದನ್ನು ಓದಿಕೊಳ್ಳುವ ಶಕ್ತಿ ಇರಲಿಲ್ಲ. ಈ ದೊರೆ 1430ರಲ್ಲಿ ಭೂಕಂದಾಯದ ವಿಚಾರದಲ್ಲಿ ಒಂದು ಲಕ್ಷ ಎಪ್ಪತ್ತು ಸಾವಿರಕ್ಕೂ ಹೆಚ್ಚು ಜನರ ಅಭಿಪ್ರಾಯವನ್ನು ಕೇಳಿಸಿದವನು. 1434ರಲ್ಲಿ ಜನರಿಗೆ ನೀತಿ ತಿಳಿಸಲೆಂದು ಚಿತ್ರಗಳುಳ್ಳ ಒಂದು ಪುಸ್ತಕವನ್ನು ಅಚ್ಚು ಹಾಕಿಸಿದನು. ಚಿತ್ರಗಳನ್ನು ಎಲ್ಲರೂ ನೋಡಿದರು. ಆದರೆ ಅವುಗಳ ಜೊತೆಗಿದ್ದ ಚೀನೀ ಬರಹವನ್ನು ಓದಿ ಹೇಳುವವರು ಬೇಕಾಗಿತ್ತು. 1443ರ ಕೊನೆಯಲ್ಲಿ ದೊರೆ 28 ಅಕ್ಷರಗಳ ಹೊಸ ಲಿಪಿಯನ್ನು ಸಿದ್ಧಪಡಿಸಿದನು. 1446ರಲ್ಲಿ ಅದು ವಿವರಣೆಯ ಗ್ರಂಥದೊಡನೆ ಪ್ರಕಟವಾಯಿತು. ಆ ದಿನಗಳಲ್ಲಿ ಅವನಿಗೆ ಕಣ್ಣುಬೇನೆ. ಚಿಕಿತ್ಸೆಗೆಂದು ಖನಿಜ ನೀರಿನ ಬುಗ್ಗೆಯೊಂದರ ಬಳಿಗೆ ಹೋದಾಗಲೂ ಲಿಪಿಯ ಕೆಲಸವನ್ನು ಜೊತೆಗೆ ಒಯ್ದಿದ್ದನಂತೆ. ಇದು ನಮಗೆ ತಿಳಿದುಬರುವುದು ಅವನನ್ನು ಹೊಗಳಿದವರಿಂದಲ್ಲ, ದೂರಿದವರಿಂದ. 1444ರಲ್ಲಿ ಚೊಯೆ ಮಲ್ಲಿ ಮೊದಲಾದ ಆಸ್ಥಾನ ವಿದ್ವಾಂಸರು ದೊರೆಗೆ ಒಂದು ಮನವಿಯನ್ನು ಸಲ್ಲಿಸಿ, ಚೀನೀ ಅಕ್ಷರಗಳನ್ನು ಬಿಟ್ಟು ತಮ್ಮದೇ ಲಿಪಿ ಮಾಡಿಕೊಳ್ಳುವುದು ಅನಾಗರಿಕರ ಲಕ್ಷಣವೆಂದು ವಾದಿಸಿದರು. ಕಣ್ಣುಬೇನೆಯಲ್ಲಿಯೂ ಇಂತಹ ಕೆಲಸಕ್ಕೆ ಆತುರವೇಕೆಂಬುದು ಅವರ ಆಕ್ಷೇಪಗಳಲ್ಲಿ ಒಂದು. ದೊರೆ ಅವರೊಡನೆ ಎದುರು ವಾದ ಮಾಡಿ, ಸೆರೆಗೆ ಕಳುಹಿಸಿ, ಮರುದಿನವೇ ಬಿಡಿಸಿದನು.

ಇನ್ನೊಂದು ಮಾತನ್ನು ಇಲ್ಲಿ ಸೇರಿಸಬಹುದು. ಧ್ವನಿಗಳನ್ನು ಅವುಗಳ ಸ್ಥಾನದಿಂದ ವಿಂಗಡಿಸುವ ವಿದ್ಯೆ ಬೌದ್ಧ ಭಿಕ್ಷುಗಳ ಜೊತೆಯಲ್ಲಿ ಭಾರತದಿಂದ ಚೀನಾಕ್ಕೆ ಹೋಗಿ, ಅಲ್ಲಿಯ ಧ್ವನಿಶಾಸ್ತ್ರದ ಮೇಲೆ ಪ್ರಭಾವ ಬೀರಿತ್ತು. ಸೇಜೊಂಗ್ ಆ ಚೀನೀ ಶಾಸ್ತ್ರದಲ್ಲಿ ಪಳಗಿದವನು. ಆದರೆ ಸ್ಥಾನವನ್ನು ಅಕ್ಷರದ ಆಕಾರಕ್ಕೆ ಇಳಿಸಿದ ಕಲ್ಪನೆ ಕೊರಿಯಾದ್ದು. ಅದರಲ್ಲಿ ಪಾಲು ಕೇಳುವ ಹಕ್ಕು ನಮಗಿಲ್ಲ.

ದೊರೆಯ ಬೆನ್ನ ಹಿಂದೆ ಅರಮನೆಯ ಹೆಬ್ಬಾಗಿಲಿದೆ. 1395ರಲ್ಲಿ ಕಟ್ಟಿದ ಈ ಬಾಗಿಲು ಜಪಾನೀಯರು ದಂಡೆತ್ತಿ ಬಂದ 1592ರಲ್ಲಿ ಸುಟ್ಟುಹೋಯಿತು. 19ನೆಯ ಶತಮಾನದಲ್ಲಿ ಮತ್ತೆ ಎದ್ದಿತು. ಜಪಾನೀ ಆಡಳಿತದಲ್ಲಿ ಸ್ಥಳಾಂತರಗೊಂಡಿತು. 1950ರಲ್ಲಿ ಮೊದಲಾದ ಕೊರಿಯಾ ಯುದ್ಧದಲ್ಲಿ ಅದರ ಮರದ ಭಾಗ ನಾಶವಾಯಿತು. ಆ ಯುದ್ಧದ ಮೊದಲ ಒಂಬತ್ತು ತಿಂಗಳುಗಳಲ್ಲಿ ಸಿಯೋಲ್ ನಗರವೇ ನಾಲ್ಕು ಬಾರಿ ಕೈ ಬದಲಾಯಿಸಿತು. 1968ರಲ್ಲಿ ಬಾಗಿಲನ್ನು ಕಾಂಕ್ರೀಟಿನಿಂದ ಕಟ್ಟಿ, ಹಂಗುಲ್ ಫಲಕವನ್ನು ತೂಗುಹಾಕಿದರು. 2010ರಲ್ಲಿ ಅದನ್ನು ಕೆಡವಿ, ಮೊದಲಿನ ಜಾಗದಲ್ಲಿ ಮರದಿಂದಲೇ ಕಟ್ಟಿದಾಗ ಹಿಂದಿನ ಕಾಲದಲ್ಲಿದ್ದಂತೆ ಚೀನೀ ಅಕ್ಷರಗಳ ಫಲಕ ಬಂತು. 2023ರಲ್ಲಿ ಕಪ್ಪು ಹಲಗೆಯ ಮೇಲೆ ಚಿನ್ನದ ಬಣ್ಣದ ಚೀನೀ ಅಕ್ಷರಗಳ ಹೊಸ ಫಲಕವನ್ನು ಏರಿಸಿದರು. ಹಂಗುಲ್ ಲಿಪಿಯ ದೊರೆ ಮುಂದೆ ಕುಳಿತಿರುವಾಗ ಹಿಂದಿನ ಬಾಗಿಲಿಗೆ ಚೀನೀ ಬರಹವೇಕೆ ಎಂದು ಕೆಲವರು, ಇತಿಹಾಸದಲ್ಲಿ ಇದ್ದಂತೆ ಇರಬೇಡವೆ ಎಂದು ಕೆಲವರು ವಾದಿಸುತ್ತ ಬಂದಿದ್ದಾರೆ. ಎರಡು ಪಕ್ಷದಲ್ಲಿಯೂ ನ್ಯಾಯವಿದೆ. ಆದರೂ ಹಿಂದಿನ ರಾತ್ರಿ ತಾನೇ ಅಕ್ಷರ ಕಲಿತ ನನಗೆ, ಆ ಬಾಗಿಲಿನ ಮುಂದೆ ಪುನಃ ನಿರಕ್ಷರಿಯಾಗಿ ನಿಂತುದು ಸ್ವಲ್ಪ ಬೇಸರವನ್ನೇ ತಂದಿತು.

ಅರಮನೆಯ ಒಳಗೆ ಬಾಡಿಗೆಯ ರೇಷ್ಮೆ ಉಡುಪುಗಳನ್ನು ತೊಟ್ಟ ತರುಣ ತರುಣಿಯರ ಗುಂಪು. ದೇಶೀಯ ಉಡುಪಿನಲ್ಲಿ ಬಂದವರಿಗೆ ಪ್ರವೇಶ ಶುಲ್ಕವಿಲ್ಲ. ಅಲ್ಲಿಂದ ಹೊರಟು, ರಸ್ತೆಯ ಕೆಳಗೆ ಹೂತುಹೋಗಿದ್ದು 2005ರಲ್ಲಿ ಮತ್ತೆ ಬೆಳಕು ಕಂಡ ಚೊಂಗ್ಯೆಚೊನ್ ತೊರೆಯ ದಡದಲ್ಲಿ ಸ್ವಲ್ಪ ಹೊತ್ತು ನಡೆದು, ಇನ್ಸಾದೊಂಗ್ ಎಂಬ ಹಳೆಯ ಬೀದಿಗೆ ಹೋದೆನು. ಕಾಗದ, ಕುಂಚ, ಹಳೆಯ ಪುಸ್ತಕಗಳ ಅಂಗಡಿಗಳಿಗೆ ಅದು ಹೆಸರಾದುದು. ಅಮೆರಿಕದ ಹೆಸರಾಂತ ಕಾಫಿ ಅಂಗಡಿಯೂ ಅಲ್ಲಿ ತನ್ನ ಹೆಸರನ್ನು ಹಂಗುಲ್‌ನಲ್ಲಿಯೇ ಬರೆಸಿಕೊಂಡಿದೆ. ಅಕ್ಷರಕ್ಕೆ ಅಕ್ಷರ ಕೂಡಿಸಿ ಓದುತ್ತ ಹೋದಂತೆ ಗೊತ್ತಿದ್ದ ಮಾತುಗಳೇ ವೇಷ ಮರೆಸಿಕೊಂಡು ಎದುರಾದವು: “ಬೊಸು” ಎಂದರೆ ಬಸ್ಸು, “ಟೆಕ್ಸಿ” ಎಂದರೆ ಟ್ಯಾಕ್ಸಿ. ಕೊರಿಯಾ ಭಾಷೆಯಲ್ಲಿ ಇಂಗ್ಲಿಷಿನ ಎಫ್ ಧ್ವನಿ ಇಲ್ಲವಾದುದರಿಂದ ಕಾಫಿಯು “ಕೊಪಿ” ಆಗಿದೆ. ನಮ್ಮ ಹಳ್ಳಿಗಳಲ್ಲಿ “ಕಾಪಿ” ಕುಡಿಯುವವರು ಅಲ್ಲಿ ಯಾವ ಸಂಕೋಚವೂ ಇಲ್ಲದೆ ಕೇಳಿ ಕುಡಿಯಬಹುದು.

ಸಂಜೆ ರೈಲಿನಲ್ಲಿ ಒಂದು ಮಗು “ಅಪ್ಪಾ” ಎಂದು ಕೂಗಿತು. ನಾನು ಥಟ್ಟನೆ ತಿರುಗಿ ನೋಡಿದೆನು. ಕೊರಿಯಾದ ಮಕ್ಕಳು ತಂದೆಯನ್ನು ಕರೆಯುವುದು “ಅಪ್ಪಾ” ಎಂದೇ. ತಾಯಿಯನ್ನು “ಒಮ್ಮಾ” ಎಂದು. ಅವರ ವಾಕ್ಯದಲ್ಲಿ ಕ್ರಿಯಾಪದವು ನಮ್ಮಲ್ಲಿಯಂತೆ ಕೊನೆಗೆ ಬರುತ್ತದೆ. ವಿಭಕ್ತಿಗಳು ನಾಮಪದದ ಹಿಂದೆ ಅಂಟಿಕೊಳ್ಳುತ್ತವೆ. ಹೋಮರ್ ಹಲ್ಬರ್ಟ್ ಎಂಬ ಅಮೆರಿಕದ ಶಿಕ್ಷಕರು ಕೊರಿಯಾ ಭಾಷೆಯನ್ನು ದ್ರಾವಿಡ ಭಾಷೆಗಳೊಡನೆ ಹೋಲಿಸಿ 1905ರಲ್ಲಿ ಒಂದು ಗ್ರಂಥವನ್ನೇ ಪ್ರಕಟಿಸಿದರು. ಇಂದಿನ ಭಾಷಾವಿಜ್ಞಾನಿಗಳು ಆ ಸಂಬಂಧವನ್ನು ಒಪ್ಪುವುದಿಲ್ಲ. ಬೇರೆ ಬೇರೆ ಕುಲದ ಭಾಷೆಗಳಲ್ಲಿಯೂ ಇಂತಹ ಹೋಲಿಕೆಗಳು ಒದಗಬಹುದು. ಇರಲಿ, ಪರದೇಶದ ರೈಲಿನಲ್ಲಿ ಆ ಕೂಗನ್ನು ಕೇಳಿದ ಕಿವಿಗೆ ಭಾಷಾವಿಜ್ಞಾನವು ಆ ಕ್ಷಣದಲ್ಲಿ ನೆನಪಾಗಲಿಲ್ಲ.

ಮೂರನೆಯ ದಿನ ಸಿಯೋಲ್ ನಿಲ್ದಾಣಕ್ಕೆ ರೈಲಿನ ವೇಳೆಗಿಂತ ಬಹಳ ಮುಂಚಿತವಾಗಿಯೇ ಬಂದೆನು. ಗಾಜಿನ ಹೊಸ ಕಟ್ಟಡದ ಪಕ್ಕದಲ್ಲಿ ಗುಮ್ಮಟವುಳ್ಳ ಕೆಂಪು ಇಟ್ಟಿಗೆಯ ಹಳೆಯ ನಿಲ್ದಾಣವಿದೆ. ಜಪಾನೀಯರು ಕೊರಿಯಾವನ್ನು ಆಳುತ್ತಿದ್ದ ಕಾಲದಲ್ಲಿ, 1925ರಲ್ಲಿ ಅದು ಸಿದ್ಧವಾಯಿತು. ಈಗ ಅದು ಕಲಾಪ್ರದರ್ಶನಗಳಿಗೆ ಮೀಸಲು. ನಾನು ಅದನ್ನು ನೋಡಲು ಬಂದುದು ಅದರ ಗುಮ್ಮಟಕ್ಕಾಗಿ ಅಲ್ಲ.

ಸೇಜೊಂಗನ ಲಿಪಿ ಪ್ರಕಟವಾದೊಡನೆ ಗೆದ್ದುಬಿಡಲಿಲ್ಲ. ವಿದ್ವಾಂಸರು ಅದನ್ನು ಹೆಂಗಸರ ಬರಹವೆಂದು ಹಳಿದು, ನಾನೂರು ವರ್ಷ ದೂರವಿಟ್ಟರು. ಹೆಂಗಸರೂ ಸಾಮಾನ್ಯ ಜನರೂ ಅದನ್ನು ಪತ್ರಗಳಲ್ಲಿಯೂ ಕಥೆಗಳಲ್ಲಿಯೂ ಉಳಿಸಿಕೊಂಡರು. ಸರ್ಕಾರಿ ಬರಹಗಳಲ್ಲಿ ಅದಕ್ಕೆ ಮನ್ನಣೆ ದೊರೆತುದು 1894ರಲ್ಲಿ. 1910ರಲ್ಲಿ ದೇಶ ಜಪಾನಿನ ವಶವಾಯಿತು. ಕ್ರಮಕ್ರಮವಾಗಿ ಶಾಲೆಗಳಿಂದ ಕೊರಿಯಾ ಭಾಷೆ ಹಿಂದೆ ಸರಿಯಿತು. 1940ರಲ್ಲಿ ಆ ಭಾಷೆಯ ಎರಡು ದೊಡ್ಡ ದಿನಪತ್ರಿಕೆಗಳು ಮುಚ್ಚಿದವು. ಈ ಕಾಲದಲ್ಲಿಯೇ ಕೆಲವರು ವಿದ್ವಾಂಸರು ಕೊರಿಯಾ ಭಾಷೆಗೆ ಒಂದು ದೊಡ್ಡ ನಿಘಂಟನ್ನು ಸಿದ್ಧಪಡಿಸುತ್ತಿದ್ದರು. 1929ರಲ್ಲಿ ಆ ಕಾರ್ಯ ಮೊದಲಾಗಿತ್ತು. ಹಳ್ಳಿಗಳ ಮಾತುಗಳನ್ನು ಕೂಡಿಹಾಕಿ ಕಳುಹಿಸಿರೆಂದು ಅವರು ತಮ್ಮ ಪತ್ರಿಕೆಯಲ್ಲಿ ಕೇಳಿಕೊಂಡರು. ರಜೆಯಲ್ಲಿ ಊರುಗಳಿಗೆ ಹೋಗುತ್ತಿದ್ದ ವಿದ್ಯಾರ್ಥಿಗಳೂ ಹಿರಿಯರ ಬಾಯಿಂದ ಪದಗಳನ್ನು ಬರೆದುಕೊಂಡು ಬಂದರು.

1942ರ ಅಕ್ಟೋಬರಿನಲ್ಲಿ ಪೊಲೀಸರು ಈ ವಿದ್ವಾಂಸರನ್ನು ಹಿಡಿದರು. ನಿಘಂಟು ಮಾಡುವುದು ರಾಜದ್ರೋಹವೆಂಬುದು ಆಪಾದನೆ. ಹಸ್ತಪ್ರತಿಯು ಅಪರಾಧದ ಸಾಕ್ಷ್ಯವಾಗಿ ಪೊಲೀಸರ ವಶವಾಯಿತು. ಸೆರೆಮನೆಯಲ್ಲಿ ಯಿ ಯುನ್‌ಜೆ 1943ರಲ್ಲಿಯೂ, ಹಾನ್ ಜಿಂಗ್ 1944ರಲ್ಲಿಯೂ ಮರಣ ಹೊಂದಿದರು. 1945ರ ಆಗಸ್ಟಿನಲ್ಲಿ ಜಪಾನು ಸೋತು, ಉಳಿದವರು ಬಿಡುಗಡೆಯಾಗಿ ಬಂದಾಗ ಅವರ ಕೈಯಲ್ಲಿ ಏನೂ ಇರಲಿಲ್ಲ. ಹದಿಮೂರು ವರ್ಷಗಳ ಶ್ರಮ ಎಲ್ಲಿ ಹೋಯಿತೆಂಬುದು ಯಾರಿಗೂ ತಿಳಿಯದು. ಸೆಪ್ಟೆಂಬರ್ 8ರಂದು, ಇದೇ ನಿಲ್ದಾಣದ ಸಾಮಾನು ಸಾಗಣೆಯ ಉಗ್ರಾಣದಲ್ಲಿ ಆ ಹಾಳೆಗಳ ಕಟ್ಟು ಸಿಕ್ಕಿತು. ಮೊಕದ್ದಮೆಯ ಮೇಲ್ಮನವಿಗಾಗಿ ರಾಜಧಾನಿಗೆ ಬಂದ ಕಾಗದಪತ್ರಗಳೊಡನೆ ಅದು ಅಲ್ಲಿಯೇ ಉಳಿದುಬಿಟ್ಟಿತ್ತು. 1947ರ ಹಂಗುಲ್ ದಿನದಂದು ನಿಘಂಟಿನ ಮೊದಲನೆಯ ಸಂಪುಟ ಹೊರಬಂದಿತು. ನಡುವೆ ಯುದ್ಧ ಬಂದು ಹೋಯಿತು. ಆರನೆಯದೂ ಕಡೆಯದೂ ಆದ ಸಂಪುಟ 1957ರಲ್ಲಿ ಮುಗಿಯಿತು. ಆ ಹಸ್ತಪ್ರತಿಯನ್ನು 2020ರಲ್ಲಿ ರಾಷ್ಟ್ರದ ನಿಧಿಗಳ ಪಟ್ಟಿಗೆ ಸೇರಿಸಲಾಗಿದೆ.

ಆ ಉಗ್ರಾಣವಿದ್ದ ಜಾಗವನ್ನು ತೋರಿಸುವವರು ನನಗೆ ದೊರೆಯಲಿಲ್ಲ. ಇಟ್ಟಿಗೆಯ ಗೋಡೆಗಳ ಸುತ್ತ ಒಂದು ಸಲ ನಡೆದು ಬಂದೆನು. ಮೆಟ್ಟಿಲುಗಳ ಮೇಲೆ ಬಿಸಿಲು ಕಾಯಿಸುತ್ತ ಕೆಲವರು ಮುದುಕರು ಕುಳಿತಿದ್ದರು. ಒಬ್ಬರು ದಿನಪತ್ರಿಕೆಯನ್ನು ಮಡಿಚಿ ಹಿಡಿದು ಓದುತ್ತಿದ್ದರು.

ರೈಲಿಗೆ ಹೊತ್ತಾಯಿತು. ಆಳದ ವೇದಿಕೆಗೆ ಇಳಿಯುವ ಮೆಟ್ಟಿಲುಗಳ ಬಳಿ ನಿಂತು, ಈ ಸಲ ದಿಕ್ಕು ತಪ್ಪಬಾರದೆಂದು ಫಲಕವನ್ನು ನೋಡಿದೆನು. ರೋಮನ್ ಲಿಪಿಯಲ್ಲಿಯೂ ಹೆಸರಿತ್ತು. ನಾನು ಬೇಕೆಂದೇ ಅದರ ಕಡೆಗೆ ಕಣ್ಣು ಹಾಯಿಸಲಿಲ್ಲ. ಮೊದಲನೆಯ ಗುಂಪಿನಲ್ಲಿ ಒಂದು ಸೊನ್ನೆ, ಅದರ ಪಕ್ಕದಲ್ಲಿ ನಿಲುಗೆರೆ, ಕೆಳಗೆ ನಕಾರ: “ಇನ್”. ತರುಣನು ಹಾಳೆಯ ಕೆಳಗೆ ಬರೆದುಕೊಟ್ಟಿದ್ದ ನಮ್ಮ ದೇಶದ ಹೆಸರಿನ ಮೊದಲನೆಯ ಅಕ್ಷರವೂ ಅದೇ. ಎರಡನೆಯ ಗುಂಪನ್ನು ಓದಲು ಸ್ವಲ್ಪ ಹೊತ್ತು ಹಿಡಿಯಿತು. “ಚೊನ್” ಎಂಬುದು ಖಚಿತವಾದ ಮೇಲೆ ಪೆಟ್ಟಿಗೆಯನ್ನು ಎತ್ತಿಕೊಂಡು ಮೆಟ್ಟಿಲು ಇಳಿದೆನು.